ಅಜ್ಜನ ಬಂದೂಕಿಗೆ ವಿಮೆ ಮಾಡಿಸ್ತೀರಾ? ಮೊದಲು ಲೈಸೆನ್ಸ್ ಯಾರ ಹೆಸರಿನಾಗ ಐತಿ ನೋಡ್ರಿ

ಆಯುಧ ಪೂಜೆ ಬಂತಂದ್ರೆ ಯಾದಗಿರಿ, ಶಹಾಪುರ, ಸುರಪುರ ಕಡೆ ಟ್ರ್ಯಾಕ್ಟರ್, ಕೂರಿಗೆ, ಕುಡಗೋಲು ಎಲ್ಲ ತೊಳೆದು ಪೂಜೆಗೆ ಇಡ್ತೀವಿ. ಕೆಲವು ಮನೆಗಳಲ್ಲಿ ಇವುಗಳ ಪಕ್ಕಕ್ಕೆ ಹಳೇ ಬಂದೂಕೂ ಬಂದು ಕೂಡ್ತದೆ. ಅಜ್ಜ ಹೊಲ ಕಾಯಲು ಇಟ್ಟುಕೊಂಡಿದ್ದ ಮದ್ದು ತುಂಬುವ ಬಂದೂಕು, ಇಲ್ಲಾ ಅಪ್ಪ ಕೊಂಡಿದ್ದ ಜೋಡು ನಳಿಗೆ ಗನ್. ಪೂಜೆ ಮುಗಿದ ಮೇಲೆ ಮತ್ತೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸ್ತಾರೆ. ಮುಂದಿನ ವರ್ಷದವರೆಗೆ ಅದರ ನೆನಪೇ ಇರಲ್ಲ.

ನಮ್ಮ ಸೀಮೆಗೂ ಬಂದೂಕಿಗೂ ನಂಟು ಹಳೇದು. 1705ರಲ್ಲಿ ಔರಂಗಜೇಬನ ದೊಡ್ಡ ಸೈನ್ಯವನ್ನು ವಾಗಿನಗೇರಿ ಕೋಟೆ ಮುಂದೆ ತಿಂಗಳುಗಟ್ಟಲೆ ತಡೆದವರು ಸುರಪುರದ ಬೇಡ ನಾಯಕರು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳ ಕಡೆಯ ಹಲಗಲಿ ಬೇಡರು ತಿರುಗಿಬಿದ್ದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬಂಡೆದ್ದರು. ಹಿಂಗಾಗಿ ಮನೆಯಲ್ಲಿರುವ ಹಳೇ ಬಂದೂಕು ನಮಗೆ ಬರೀ ಕಬ್ಬಿಣ ಅಲ್ಲ, ಮನೆತನದ ಗುರುತು. ಆದ್ರೆ ಕಾನೂನು ಮತ್ತು ವಿಮೆ ಕಂಪನಿ ಎರಡೂ ಅದನ್ನ ಬೇರೆ ಕಣ್ಣಿಂದ ನೋಡ್ತಾವೆ.

ಒಂದು ಉದಾಹರಣೆ ನೋಡೋಣ

ಸುರಪುರ ತಾಲೂಕಿನ ಒಬ್ಬ ಯುವ ರೈತ ಅಂದುಕೊಳ್ಳಿ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಿದ್ದಾರೆ. ಮನೆಯಲ್ಲಿ ಅಜ್ಜನ ಕಾಲದ ಒಂದು, ಅಪ್ಪನ ಒಂದು, ಹೀಗೆ ಎರಡು ಬಂದೂಕು ಇವೆ. ಹೊಸ ಮನೆಗೆ ಸಾಲ ತಗೊಳ್ಳುವಾಗ ಮನೆ ವಿಮೆಯೂ ಆಗಿದೆ. "ಮನೆ ಒಳಗಿನ ಸಾಮಾನೆಲ್ಲ ಇದರಾಗ ಬರ್ತದ" ಅಂತ ಏಜೆಂಟ್ ಹೇಳಿದ್ದಾರೆ. ಒಂದಿನ ಮನೆಮಂದಿಯೆಲ್ಲ ಜಾತ್ರೆಗೆ ಹೋದಾಗ ಬೀಗ ಒಡೆದು ಬಂಗಾರದ ಜೊತೆ ಎರಡೂ ಬಂದೂಕು ಕದ್ದು ಒಯ್ಯುತ್ತಾರೆ.

ಈಗ ಠಾಣೆಗೆ ಹೋದ್ರೆ ಮೊದಲ ಪ್ರಶ್ನೆ: ಲೈಸೆನ್ಸ್ ಎಲ್ಲಿ? ಅದು ತೀರಿಕೊಂಡ ಅಪ್ಪನ ಹೆಸರಿನಲ್ಲಿದೆ. ಅಂದ್ರೆ ಎರಡು ವರ್ಷದಿಂದ ಮಗ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡಂಗೆ. ವಿಮೆ ದುಡ್ಡಿನ ಮಾತು ದೂರ ಉಳೀತು, ಕೇಸ್ ಮೈಮೇಲೆ ಬರುವ ಹೊತ್ತು ಬಂತು. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಅದಕ್ಕೇ ವಿಮೆಗಿಂತ ಮೊದಲು ಕಾಗದ.

ಕಾಗದ ಸರಿ ಮಾಡಿಕೊಳ್ಳೋದು ಹೆಂಗೆ?

- ಎರಡೇ ಬಂದೂಕು: 2019ರ ತಿದ್ದುಪಡಿ ಮೊದಲು ಒಬ್ಬರಿಗೆ ಮೂರು ಬಂದೂಕಿನವರೆಗೆ ಅವಕಾಶ ಇತ್ತು. ಈಗ ಎರಡು ಮಾತ್ರ. ಪಿತ್ರಾರ್ಜಿತವಾಗಿ ಬಂದರೂ ಇದೇ ಮಿತಿ. ಹೆಚ್ಚಿದ್ದರೆ ಠಾಣೆಗೋ ಲೈಸೆನ್ಸ್ ಇರುವ ಆಯುಧ ಡೀಲರ್‌ಗೋ ಒಪ್ಪಿಸಬೇಕು.
- ಲೈಸೆನ್ಸ್ ಅವಧಿ: ಮೊದಲು 3 ವರ್ಷ ಇತ್ತು, ಈಗ 5 ವರ್ಷ. ಕೊನೆ ದಿನಾಂಕವನ್ನು ಮೊಬೈಲ್ ಕ್ಯಾಲೆಂಡರ್‌ನಲ್ಲಿ ಹಾಕಿ, ಎರಡು ತಿಂಗಳು ಮೊದಲೇ ನೆನಪಿಸುವಂಗೆ ಸೆಟ್ ಮಾಡಿ.
- ಯುಐಎನ್ ನಂಬರ್: ಪ್ರತಿ ಲೈಸೆನ್ಸ್‌ಗೂ ರಾಷ್ಟ್ರೀಯ ಆಯುಧ ಲೈಸೆನ್ಸ್ ಡೇಟಾಬೇಸ್‌ನ ವಿಶಿಷ್ಟ ನಂಬರ್ ಇರಬೇಕು. ಹಳೇ ಪುಸ್ತಕದಲ್ಲಿ ಅದು ಇಲ್ಲ ಅಂದ್ರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.
- ಅಪ್ಪ ಇರುವಾಗಲೇ ವರ್ಗಾವಣೆ: ಇದು ಬಹಳ ಮಂದಿಗೆ ಗೊತ್ತಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲಾ ಅವರು ಆ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರೊಬ್ಬರ ಹೆಸರಿಗೆ ಕೊಡಲು ಅರ್ಜಿ ಹಾಕಬಹುದು. ಅಣ್ಣ-ತಮ್ಮ, ಅಕ್ಕ-ತಂಗಿಯರ ಒಪ್ಪಿಗೆ ಪತ್ರ ಬೇಕಾಗ್ತದೆ. ಅಪ್ಪ ಮುಂದೆ ಕೂತಿದ್ದಾಗ ಈ ಸಹಿಗಳು ಸಲೀಸು. ಆಮೇಲೆ ಆಸ್ತಿ ಜಗಳ ಶುರುವಾದ್ರೆ ಬಂದೂಕೂ ಅದರಾಗ ಸಿಕ್ಕಿಹಾಕಿಕೊಳ್ಳುತ್ತೆ.
- ತೀರಿಕೊಂಡಿದ್ದರೆ: ಬಂದೂಕನ್ನು ಅಟ್ಟದ ಮೇಲೆ ಬಿಡಬೇಡಿ. ಹತ್ತಿರದ ಠಾಣೆಗೋ ಡೀಲರ್‌ಗೋ ಒಪ್ಪಿಸಿ ರಸೀದಿ ತಗೊಳ್ಳಿ. ಆ ಮೇಲೆ ನಿಮ್ಮ ಹೆಸರಿಗೆ ಲೈಸೆನ್ಸ್ ಅರ್ಜಿ ಹಾಕಿ. ತಡ ಆಗಿದ್ದರೂ ಒಬ್ಬ ವಕೀಲರನ್ನ ಕೇಳಿಕೊಂಡು ತಾವಾಗೇ ಹೋಗಿ ಒಪ್ಪಿಸೋದು ಒಳ್ಳೇದು. ಬೇರೆಯವರು ಹೇಳಿ ಪೊಲೀಸರು ಬಂದ ಮೇಲೆ ಮಾತು ಕಷ್ಟ.

ದುರಸ್ತಿ ಮಾಡಿದರೂ ಗುಂಡು ಹಾರಿಸಲು ಬಾರದ, ಪುರಾತನ ಮೌಲ್ಯದ ಆಯುಧಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಐತಿ. ಆದ್ರೆ "ಇದು ಕೆಟ್ಟು ಹೋಗೈತಿ" ಅಂತ ನಾವೇ ತೀರ್ಮಾನ ಮಾಡೋದಲ್ಲ. ಅಧಿಕಾರಿಗಳಿಂದ ಬರಹದಲ್ಲಿ ಪಡೆಯಿರಿ. ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ, ನಮಗ್ಯಾಕೆ ಅನ್ನೋರಿಗೆ ಒಂದು ಮಾತು: ಆ ವಿನಾಯಿತಿ ಅಲ್ಲಿಯವರಿಗೆ ಮಾತ್ರ, ನಮ್ಮ ಜಿಲ್ಲೆಗೆ ಅನ್ವಯ ಆಗಲ್ಲ.

ಈಗ ವಿಮೆಗೆ ಬರೋಣ

2021ರ ಏಪ್ರಿಲ್‌ನಿಂದ ಮನೆಗೆ "ಭಾರತ್ ಗೃಹ ರಕ್ಷಾ" ಅನ್ನೋ ಪಾಲಿಸಿ ಬಂದಿದೆ. ಯಾವ ಕಂಪನಿಯಲ್ಲಿ ತಗೊಂಡರೂ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಪ್ರವಾಹ, ಭೂಕಂಪದಂಥವು ಇದರಲ್ಲಿ ಬರ್ತಾವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಮನೆಯ ಸಾಮಾನ್ಯ ವಸ್ತುಗಳಿಗೂ ತಾನಾಗೇ ರಕ್ಷಣೆ ಸಿಗ್ತದೆ. ಆದ್ರೆ ಬಂದೂಕು ಇರೋರು ನಾಲ್ಕು ಕಡೆ ಎಡವುತ್ತಾರೆ.

1. ಕಳ್ಳತನ. ಮೂಲ ಪಾಲಿಸಿಯಲ್ಲಿ ಬರೋದು ಬೆಂಕಿ, ಪ್ರವಾಹದಂಥ ಅವಘಡ ಆಗಿ, ಅದರ ಕಾರಣದಿಂದ 7 ದಿನದೊಳಗೆ ಆದ ಕಳ್ಳತನ ಮಾತ್ರ. ಜಾತ್ರೆಗೆ ಹೋದಾಗ ಬೀಗ ಒಡೆದರೆ ಅದು ಇದರಲ್ಲಿ ಬರಲ್ಲ. ಅದಕ್ಕೆ ಬೇರೆ ಕನ್ನಗಳವಿನ ವಿಮೆ, ಅಂದ್ರೆ ಬರ್ಗ್ಲರಿ ಕವರ್ ತಗೋಬೇಕು.

2. ಬೆಲೆಬಾಳುವ ವಸ್ತು. ಒಡವೆ, ಬೆಳ್ಳಿ, ಅಪರೂಪದ ಹಳೇ ವಸ್ತುಗಳಿಗೆ ಪ್ರತ್ಯೇಕ ಐಚ್ಛಿಕ ರಕ್ಷಣೆ ಐತಿ. ಮೊದಲೇ ಒಪ್ಪಿದ ಬೆಲೆಗೆ ವಿಮೆ ಆಗ್ತದೆ. ಬಂದೂಕನ್ನು ಮಾದರಿ, ಸೀರಿಯಲ್ ನಂಬರ್, ಬೆಲೆ ಸಮೇತ ಪಾಲಿಸಿ ಪಟ್ಟಿಯಲ್ಲಿ ಹೆಸರಿಟ್ಟು ಬರೆಸಿ. ಕಂಪನಿ ಒಪ್ಪಲ್ಲ ಅಂದ್ರೆ ಅದನ್ನೂ ಇಮೇಲ್‌ನಲ್ಲಿ ಹೇಳಲಿ. ಏಜೆಂಟ್ ಬಾಯಿ ಮಾತು ಕ್ಲೇಮ್ ದಿನ ಕೆಲಸಕ್ಕೆ ಬರಲ್ಲ.

3. ಮದ್ದು-ಗುಂಡು. ಪಾಲಿಸಿಯಲ್ಲೇ ಪ್ರತ್ಯೇಕವಾಗಿ ಬರೆಸದಿದ್ದರೆ ಸ್ಫೋಟಕ ವಸ್ತುಗಳಿಗೆ ಗೃಹ ರಕ್ಷಾದಲ್ಲಿ ರಕ್ಷಣೆ ಇಲ್ಲ. ಇನ್ನೊಂದು ಮಾತು: ಹತ್ತಿ ರಾಶಿ ಹಾಕಿದ ಕೋಣೆಯಲ್ಲಿ, ಒಲೆ ಹತ್ತಿರ ಮದ್ದು ಇಟ್ಟು ಬೆಂಕಿ ಬಿದ್ದರೆ ಸರ್ವೇಯರ್ ಕೇಳುವ ಪ್ರಶ್ನೆಗೆ ಉತ್ತರ ಕೊಡೋದು ಕಷ್ಟ. ಜೀವಕ್ಕಂತೂ ಅಪಾಯವೇ.

4. ಜಾಗ. ಮನೆ ವಿಮೆ ಸಾಮಾನ್ಯವಾಗಿ ಆ ಮನೆಯೊಳಗಿನ ವಸ್ತುವಿಗೆ ಮಾತ್ರ. ಬಂದೂಕು ಹೊಲದ ಗುಡಿಸಲಿನಲ್ಲಿದ್ದರೆ, ಚುನಾವಣೆ ಟೈಮಿಗೆ ಠಾಣೆಯಲ್ಲೋ ಡೀಲರ್ ಹತ್ತಿರವೋ ಇದ್ದರೆ, ಆ ರಕ್ಷಣೆ ಹಿಂದೆ ಬರಲ್ಲ ಅಂತಲೇ ತಿಳಿಯಿರಿ. ಒಪ್ಪಿಸುವಾಗ ಸೀರಿಯಲ್ ನಂಬರ್, ಈಗಿನ ಸ್ಥಿತಿ ಬರೆದ ರಸೀದಿ ತಗೊಳ್ಳಿ, ಅಲ್ಲೇ ಫೋಟೊ ಹೊಡೆದುಕೊಳ್ಳಿ.

ಬೆಲೆ ಎಷ್ಟು ಬರೆಸಬೇಕು? ಲೈಸೆನ್ಸ್ ಇರುವ ಆಯುಧ ಡೀಲರ್‌ರಿಂದ ಮೌಲ್ಯದ ಪತ್ರ ತಗೊಳ್ಳಿ. "ಅಜ್ಜಂದು, ಬೆಲೆನೇ ಕಟ್ಟಾಕ ಆಗಲ್ಲ" ಅನ್ನೋದು ನಿಜ, ಆದ್ರೆ ವಿಮೆ ಕೊಡೋದು ಮಾರುಕಟ್ಟೆ ಬೆಲೆಗೆ, ನೆನಪಿಗಲ್ಲ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು. ಅಂಥದ್ದನ್ನ ಹೊರದೇಶಕ್ಕೆ ಮಾರುವಂತಿಲ್ಲ.

ಹಂದಿಗೆ ಹೊಡೆಯಬಹುದಾ?

ಮದ್ದು ತುಂಬುವ ಬಂದೂಕಿಗೆ ಬೆಳೆ ರಕ್ಷಣೆ ಸಲುವಾಗಿ ಲೈಸೆನ್ಸ್ ಕೊಡಲು ಆಯುಧ ಕಾಯ್ದೆಯಲ್ಲೇ ಅವಕಾಶ ಐತಿ. ಆದ್ರೆ ಬಂದೂಕಿನ ಲೈಸೆನ್ಸ್ ಅಂದ್ರೆ ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. ಕಾಡುಹಂದಿ ಹೊಡೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕೃಷ್ಣಮೃಗ, ನವಿಲು ಒಂದನೇ ಪಟ್ಟಿಯಲ್ಲಿವೆ, ಬೆಳೆ ತಿಂದವು ಅಂತ ಅವನ್ನ ಹೊಡೆಯುವಂತಿಲ್ಲ. ಕೇಸ್ ಆಗಿ ಬಂದೂಕು ಜಪ್ತಿ ಆದರೆ ವಿಮೆ ಒಂದು ರೂಪಾಯಿ ಕೊಡಲ್ಲ.

ತೊಗರಿ, ಶೇಂಗಾ ಹಾಳಾದ ಸಿಟ್ಟು ಎಲ್ಲರಿಗೂ ಅರ್ಥ ಆಗ್ತದೆ. ಅದಕ್ಕೆ ಬೆಳೆ ವಿಮೆ ದಾರಿ ನೋಡಿ. ಕಾಡುಪ್ರಾಣಿಗಳಿಂದಾದ ಬೆಳೆ ಹಾನಿಯನ್ನೂ ಫಸಲ್ ಬಿಮಾ ಯೋಜನೆಯಲ್ಲಿ 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಹೇಳಿದೆ. 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಜಾಗದ ಗುರುತಿರುವ ಫೋಟೊ ಸಮೇತ ತಿಳಿಸಬೇಕು. ಯಾವ ಪ್ರಾಣಿ, ಯಾವ ಊರು ಅನ್ನೋದು ರಾಜ್ಯದ ಅಧಿಸೂಚನೆ ಮೇಲೆ ನಿಂತಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಕಂತು ಕಟ್ಟಿ.

ಕಳುವಾದರೆ ಏನು ಮಾಡಬೇಕು?

1. ತಡಮಾಡದೆ ಹತ್ತಿರದ ಠಾಣೆಗೆ ಹೋಗಿ. ಬಂದೂಕು ಕಳೆದದ್ದನ್ನು ಕೂಡಲೇ ತಿಳಿಸೋದು ಕಾನೂನಿನ ಕರ್ತವ್ಯ. ಆ ಬಂದೂಕಿನಿಂದ ನಾಳೆ ಯಾರಿಗಾದರೂ ಏನಾದರೂ ಆದರೆ ನಿಮ್ಮನ್ನ ಕಾಯೋದು ಇದೇ ದೂರು.
2. ಎಫ್‌ಐಆರ್ ಪ್ರತಿಯಲ್ಲಿ ಸೀರಿಯಲ್ ನಂಬರ್ ಸರಿಯಾಗಿ ಬಂದಿದೆಯಾ ನೋಡಿ.
3. ಅದೇ ದಿನ ವಿಮೆ ಕಂಪನಿಗೆ ಫೋನ್ ಮತ್ತು ಇಮೇಲ್ ಮಾಡಿ. ಸರ್ವೇಯರ್ ಬರುವ ತನಕ ಒಡೆದ ಬೀಗ ರಿಪೇರಿ ಮಾಡಿಸುವ ಮೊದಲು ಫೋಟೊ ಇಡಿ.
4. ಜಿಲ್ಲಾಧಿಕಾರಿ ಕಚೇರಿಗೂ ಬರಹದಲ್ಲಿ ತಿಳಿಸಿ ಸ್ವೀಕೃತಿ ತಗೊಳ್ಳಿ.
5. ಕ್ಲೇಮ್ ಸುಮ್ಮನೆ ತಿರಸ್ಕರಿಸಿದರೆ ಮೊದಲು ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲಾ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಶುಲ್ಕ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255.

ಸ್ಟೇಟಸ್ ಹಾಕೋ ಮೊದಲು

ಬಂದೂಕು ಹಿಡಿದ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ, ರೀಲ್ಸ್‌ಗೆ ಹಾಕೋದು ಈಗ ಶೋಕಿ ಆಗಿದೆ. ಕಳ್ಳರಿಗೆ ಅದು ಆಮಂತ್ರಣ ಪತ್ರ ಇದ್ದಂಗೆ. ಲೈಸೆನ್ಸ್ ಇಲ್ಲದ ಗೆಳೆಯನ ಕೈಗೆ ಕೊಟ್ಟು ವಿಡಿಯೊ ಮಾಡಿದರೆ ನೀವೇ ಸಾಕ್ಷಿ ಒದಗಿಸಿದಂಗೆ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಬೇಕಾಬಿಟ್ಟಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಈ ವಾರ ಒಂದು ಸಣ್ಣ ಕೆಲಸ ಮಾಡಿ. ಲೈಸೆನ್ಸ್ ಪುಸ್ತಕದ ಎಲ್ಲ ಪುಟ, ಬಂದೂಕಿನ ಎರಡೂ ಬದಿ, ಸೀರಿಯಲ್ ನಂಬರ್, ಅದನ್ನಿಟ್ಟ ಕಬ್ಬಿಣದ ಕಪಾಟು, ಇಷ್ಟರ ಫೋಟೊ ತೆಗೆದು ನಿಮ್ಮ ಇಮೇಲ್‌ಗೆ ನೀವೇ ಕಳಿಸಿಕೊಳ್ಳಿ, ಗ್ರೂಪಿಗೆ ಅಲ್ಲ. ಆಮೇಲೆ ಅಪ್ಪನ ಹತ್ತಿರ ಕೂತು ಕೇಳಿ: "ಅಪ್ಪಾ, ಇದು ಯಾರ ಹೆಸರಿನಾಗ ಐತ್ರಿ? ಎಂದಿಗೆ ಮುಗೀತದ?" ಉತ್ತರ ಸಿಗದಿದ್ದರೆ ಸೋಮವಾರ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬನ್ನಿ. ವಿಮೆ ಏಜೆಂಟ್‌ಗೆ ಫೋನ್ ಮಾಡೋದು ಅದಾದ ಮೇಲೆ.