ಉಳಿಗೂ ಒಗ್ಗರಣೆಗೂ ಒಂದೇ ಎಸಿ ಸಾಕೇ?

ಡಲ್ಲಾಸ್ ಹತ್ತಿರದ ನಮ್ಮ ಮನೆಯಲ್ಲಿ ಮಗ ಯಾರೂ ನೆನಪಿಸದೆ ಕನ್ನಡ ಮಾತಾಡುವ ಜಾಗ ಒಂದೇ ಒಂದು, ಅದು ಗ್ಯಾರೇಜು. ಕಳೆದ ಏಪ್ರಿಲ್‌ನಲ್ಲಿ ಹಾಸನದಿಂದ ಅಪ್ಪ, ಅಮ್ಮ ಆರು ತಿಂಗಳಿಗೆಂದು ಬಂದರು. ನಿವೃತ್ತ ವಿಜ್ಞಾನ ಮೇಷ್ಟ್ರಾದ ಅಪ್ಪನಿಗೆ ಮರಗೆಲಸದ ಹುಚ್ಚು. ಬಂದ ವಾರದಲ್ಲೇ ಗ್ಯಾರೇಜಿನ ಎಡಗಡೆ ಮೇಜು ಹಾಕಿಕೊಂಡರು. ಒಳಗಿನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಸ್ಮೋಕ್ ಅಲಾರಂ ಕೂಗಿಬಿಡುತ್ತದೆಂದು ಅಮ್ಮನಿಗೆ ಭಯ. ಅವರಿಗೆ ಬಲಗಡೆ ಒಂದು ಇಂಡಕ್ಷನ್ ಒಲೆ ಇಟ್ಟುಕೊಟ್ಟೆವು. ಹತ್ತು ವರ್ಷದ ಮಗ ಇಬ್ಬರ ನಡುವೆ ಓಡಾಡಿಕೊಂಡು ಉಳಿ, ಅರ, ಗರಗಸ, ಉಜ್ಜುಗೊರಡು, ಸೌಟು, ಜಾಲರಿ ಎಲ್ಲ ಕಲಿತ. ಭಾನುವಾರದ ಕನ್ನಡ ತರಗತಿಯಲ್ಲಿ ಎರಡು ವರ್ಷದಿಂದ ನಾಲಿಗೆಗೆ ಹತ್ತದಿದ್ದ ‘ಳ’, “ತಾತ, ಮೊಳೆ ತಗೊಳ್ಳಿ” ಅನ್ನುವಾಗ ತಾನಾಗಿ ಬಂತು.

ಜೂನ್ ಎರಡನೇ ವಾರದ ಒಂದು ಮಧ್ಯಾಹ್ನ ಗ್ಯಾರೇಜಿನ ಥರ್ಮಾಮೀಟರ್ 41 ಡಿಗ್ರಿ ತೋರಿಸಿತು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಬಂದು ಸೋಫಾ ಹಿಡಿದರು. ಮಗ ಐಪ್ಯಾಡ್ ಹಿಡಿದು ಮಹಡಿ ಹತ್ತಿದ. ಅವರು ಹೊರಡಲು ಉಳಿದಿದ್ದು ನಾಲ್ಕೇ ತಿಂಗಳು.

“ಮನೆ ಎಸಿಯ ಡಕ್ಟ್‌ನಿಂದಲೇ ಗ್ಯಾರೇಜಿಗೊಂದು ಕಿಂಡಿ ಕೊರೆದರೆ ಆಗಲ್ವೇನಮ್ಮಾ?” ಅಂದರು ಅಪ್ಪ. ಆಗುವುದಿಲ್ಲ. ಅಮೆರಿಕದ ಬಹುತೇಕ ಊರುಗಳು ಅನುಸರಿಸುವ ಮನೆ ಕಟ್ಟಡದ ನಿಯಮಾವಳಿ ಪ್ರಕಾರ ಮನೆಯೊಳಗಿನ ಡಕ್ಟ್ ಗ್ಯಾರೇಜಿಗೆ ಬಾಯಿ ತೆರೆಯುವಂತಿಲ್ಲ. ಕಾರಿನ ಹೊಗೆ, ಪೆಟ್ರೋಲಿನ ಆವಿ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅದೇ ದಾರಿಯಲ್ಲಿ ಮಲಗುವ ಕೋಣೆಗೆ ಬಂದುಬಿಡುತ್ತವೆ. ಯಾರಾದರೂ “ಸುಮ್ಮನೆ ಒಂದು ತೂತು ಕೊರೆದುಕೊಡ್ತೀನಿ” ಅಂದರೆ ಒಪ್ಪಬೇಡಿ. ಹಾಗಾಗಿ ಗ್ಯಾರೇಜಿಗೆ ಉಳಿಯುವ ದಾರಿ ಡಕ್ಟ್‌ಲೆಸ್ ಎಸಿ. ಇಲ್ಲಿ ಮಿನಿ ಸ್ಪ್ಲಿಟ್ ಅನ್ನುತ್ತಾರೆ. ದುಬೈ, ಮಸ್ಕತ್‌ನಲ್ಲಿರುವವರು ನಗಬಹುದು, ನಮ್ಮೂರಿನ ಮಾಮೂಲಿ ಸ್ಪ್ಲಿಟ್ ಎಸಿಯೇ ಅದು!

ಮೊದಲು ನಾವು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಅವಸರಕ್ಕೆ ಬಿದ್ದು ಒಂದೇ ಕೊಳವೆಯ ಪೋರ್ಟಬಲ್ ಎಸಿ ತಂದೆವು. ಅದು ಕೋಣೆಯ ಗಾಳಿಯನ್ನೇ ಎಳೆದು, ಬಿಸಿ ಮಾಡಿ, ಕೊಳವೆಯಲ್ಲಿ ಹೊರಗೆ ತಳ್ಳುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಬರಲೇಬೇಕಲ್ಲ, ಗ್ಯಾರೇಜ್ ಬಾಗಿಲಿನ ಸಂದಿಯಿಂದ ಟೆಕ್ಸಸ್‌ನ ಬಿಸಿಲೆಲ್ಲ ಒಳಗೆ ಬಂತು. ಎರಡೇ ದಿನಕ್ಕೆ ಹಿಂದಿರುಗಿಸಿದೆವು.

ಆಮೇಲೆ ಬಂದ ಗುತ್ತಿಗೆದಾರರೊಬ್ಬರು ಐದು ನಿಮಿಷ ನೋಡಿ, ಹೊರಗೊಂದು 24,000 ಬಿಟಿಯು ಯಂತ್ರ, ಒಳಗೆ ಎರಡು ಘಟಕ, ಮರಗೆಲಸದ ಕಡೆಗೊಂದು, ಒಲೆಯ ಕಡೆಗೊಂದು ಎಂದು ಬರೆದುಕೊಟ್ಟರು. ಕೇಳಲು ನ್ಯಾಯವಾಗಿಯೇ ಇತ್ತು. ನನ್ನ ಗಂಡ ಸಹಿ ಹಾಕುವುದರಲ್ಲಿದ್ದರು. ಆಗ ಅಮ್ಮ ಕೇಳಿದರು, “ಇದು ಘಾಟು ಹೊರಗೆ ಕಳಿಸುತ್ತಾ?”

ಕಳಿಸುವುದಿಲ್ಲ. ಸ್ಪ್ಲಿಟ್ ಎಸಿ ಕೋಣೆಯಲ್ಲಿರುವ ಗಾಳಿಯನ್ನೇ ಎಳೆದುಕೊಂಡು ತಂಪು ಮಾಡಿ ವಾಪಸ್ ಬಿಡುತ್ತದೆ, ಅಷ್ಟೇ. ಮೆಣಸಿನಕಾಯಿ ಘಾಟು, ಎಣ್ಣೆಯ ಆವಿ, ಮರದ ಹೊಟ್ಟು ಎಲ್ಲ ಅಲ್ಲೇ ಸುತ್ತುತ್ತವೆ. ಅದರ ಜಾಲರಿ ಫಿಲ್ಟರ್ ತೆಳ್ಳಗಿರುತ್ತದೆ. ಸಣ್ಣ ಧೂಳು ಅದನ್ನು ದಾಟಿ, ಎಣ್ಣೆಯ ಜಿಡ್ಡಿನ ಜೊತೆ ಸೇರಿ, ಒಳಗಿನ ಉರುಳೆ ಫ್ಯಾನಿನ ರೆಕ್ಕೆಗಳಿಗೆ ಕಡುಬಿನ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಯಂತ್ರ ಹಾಳಾಗುವುದು ಒಂದು ಕಡೆಗಿರಲಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಬಾಗಿಲು ಮುಚ್ಚಿದ ತಂಪು ಕೋಣೆಯಲ್ಲಿ ಮಗುವನ್ನು ಕೂರಿಸಿ ಅದನ್ನೇ ಉಸಿರಾಡಿಸುವುದಕ್ಕಿಂತ ಸೆಕೆಯೇ ವಾಸಿ.

ಹಾಗಾಗಿ ಎಸಿಯ ಮಾತನ್ನು ಮೂರು ವಾರ ಮುಂದೂಡಿದೆವು. ಒಲೆಯ ಮೇಲೆ ಗೋಡೆಯಾಚೆಗೆ ಗಾಳಿ ಬಿಡುವ ಹುಡ್ ಹಾಕಿಸಿದೆವು, ಒಳಗೇ ಸುತ್ತಿಸುವ ಹುಡ್ ಅಲ್ಲ. ವಿದ್ಯುತ್ ಗರಗಸದ ಬಾಯಿಗೇ ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಿದೆವು. ಪಶ್ಚಿಮಕ್ಕೆ ಮುಖ ಮಾಡಿದ ತಗಡಿನ ಬಾಗಿಲಿಗೆ ಒಳಗಿನಿಂದ ಫೋಮ್ ಹಲಗೆ, ಕೆಳಗೆ ಹೊಸ ರಬ್ಬರ್ ಪಟ್ಟಿ, ಸೂರಿನ ಮೇಲೆ ಇನ್ಸುಲೇಶನ್ ಹಾಕಿಸಿದೆವು. ಫೋಮ್ ಹಾಕಿದರೆ ಬಾಗಿಲಿನ ತೂಕ ಹೆಚ್ಚುತ್ತದೆ. ಸ್ಪ್ರಿಂಗ್ ಅನ್ನು ತಿಳಿದವರಿಂದಲೇ ಸರಿಪಡಿಸಿಕೊಳ್ಳಿ, ನೀವೇ ಕೈ ಹಾಕಬೇಡಿ, ಅದು ಕೈ ಮುರಿಯುತ್ತದೆ.

ಇದಾದ ಮೇಲೆ ಬೇರೊಬ್ಬರನ್ನು ಕರೆಸಿ, ಕಣ್ಣಂದಾಜು ಬಿಟ್ಟು ‘ಮ್ಯಾನುಯಲ್ ಜೆ’ ಲೆಕ್ಕ ಹಾಕಿಸಿದೆವು. ಗೋಡೆ, ಕಿಟಕಿ, ದಿಕ್ಕು, ಊರಿನ ಹವೆ ಎಲ್ಲ ಹಿಡಿದು ಎಷ್ಟು ಶಾಖ ಹೊರಹಾಕಬೇಕೆಂದು ತೋರಿಸುವ ಲೆಕ್ಕ ಅದು. ನಮ್ಮ 420 ಚದರಡಿಗೆ ಬಂದದ್ದು ಗಂಟೆಗೆ ಸುಮಾರು 13,500 ಬಿಟಿಯು. 15,000 ಬಿಟಿಯು ಯಂತ್ರ, ಒಂದೇ ಘಟಕ ಸಾಕಾಯಿತು.

“ಒಂದು ಟನ್ ಎಸಿ ಅಂದ್ರೆ ಒಂದು ಟನ್ ತೂಕ ಇರುತ್ತಾ ತಾತ?” ಎಂದು ಮಗ ಕೇಳಿದ್ದು ಆಗಲೇ. ಅಪ್ಪನೊಳಗಿನ ಮೇಷ್ಟ್ರು ಎದ್ದು ಕೂತರು. ಹಿಂದೆ ಮಂಜುಗಡ್ಡೆಯಿಂದಲೇ ತಂಪು ಮಾಡುತ್ತಿದ್ದರು. ಒಂದು ಟನ್, ಅಂದರೆ 2,000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದೇ ಒಂದು ಟನ್. ಗಂಟೆಗೆ 12,000 ಬಿಟಿಯು. “ಹಾಗಾದ್ರೆ ನಮ್ಮ ಗ್ಯಾರೇಜಿಗೆ ದಿನಾ ಒಂದು ಲಾರಿ ಐಸ್ ಬೇಕಾ?” ಮಗ ಸಂಜೆಯವರೆಗೂ ಲೆಕ್ಕ ಹಾಕಿದ, ಕನ್ನಡದಲ್ಲೇ.

ಒಲೆ, ಗರಗಸ ಎರಡೂ ಈ ಲೆಕ್ಕಕ್ಕೆ ಸೇರುತ್ತವೆ. ಒಂದು ವ್ಯಾಟ್ ವಿದ್ಯುತ್ ಅಂದರೆ ಗಂಟೆಗೆ 3.4 ಬಿಟಿಯು ಶಾಖ. 1,800 ವ್ಯಾಟ್ ಇಂಡಕ್ಷನ್ ಒಲೆ ಪೂರ್ತಿ ಉರಿದರೆ ಆರು ಸಾವಿರ ಬಿಟಿಯು, ಅಂದರೆ ಅರ್ಧ ಟನ್. ಹಬ್ಬಕ್ಕೆ ಚಕ್ಕುಲಿ ಕರಿಯಲು ಕೆಲವರು ಗ್ಯಾರೇಜಿನೊಳಗೇ ಪ್ರೊಪೇನ್ ಬರ್ನರ್ ಹಚ್ಚುತ್ತಾರೆ. ಡಬ್ಬಿಯ ಮೇಲೆ 60,000 ಬಿಟಿಯು ಅಂತಿದ್ದರೆ ಅದನ್ನು ಗೆಲ್ಲಲು ಐದು ಟನ್ ಎಸಿ ಬೇಕು. ಅದಕ್ಕಿಂತ ಮುಖ್ಯವಾಗಿ ಅದು ಹೊರಗಿಟ್ಟೇ ಉರಿಸಬೇಕಾದ ವಸ್ತು, ಸಿಲಿಂಡರ್ ಕೂಡ ಗ್ಯಾರೇಜಿನಲ್ಲಿ ಇಡಬಾರದು.

ದೊಡ್ಡದನ್ನೇ ಹಾಕಿಸಿದರೇನು ನಷ್ಟ ಅಂತ ನಮಗೂ ಅನ್ನಿಸಿತ್ತು. ಅಗತ್ಯಕ್ಕಿಂತ ದೊಡ್ಡ ಎಸಿ ಬೇಗ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ಹೋಗುವುದಿಲ್ಲ. ಅಪ್ಪನ ಉಳಿಗೆ ತುಕ್ಕು, ಅಮ್ಮನ ಹಪ್ಪಳ ಮೆತ್ತಗೆ. ಇನ್ವರ್ಟರ್ ಯಂತ್ರ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ ನಿಜ, ಆದರೆ ಅದಕ್ಕೂ ಒಂದು ಕನಿಷ್ಠ ಮಿತಿ ಇದೆ. ಹಲವು ಘಟಕ ನಡೆಸುವ ಹೊರಯಂತ್ರಗಳಲ್ಲಿ ಆ ಮಿತಿ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಗರಿಷ್ಠದ ಜೊತೆ ಕನಿಷ್ಠವನ್ನೂ ಕೇಳಿ. ಡಬ್ಬಿಯ ಮೇಲಿನ ಸಂಖ್ಯೆ ಹೊರಗೆ 95 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗಿನದು. ನಿಮ್ಮೂರು ನೂರು ದಾಟುತ್ತದಾದರೆ ಆ ಬಿಸಿಲಿನಲ್ಲಿ ಎಷ್ಟು ಕೊಡುತ್ತದೆಂಬ ಪಟ್ಟಿ ತರಿಸಿ ನೋಡಿ. ಇನ್ನು ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರ ನಂತರ ಹಾಕಿಸಿದ ಹೀಟ್ ಪಂಪ್‌ಗಳಿಗೆ ಇಲ್ಲ. ಅದನ್ನು ಕಳೆದು ಬೆಲೆ ಹೇಳಿದರೆ ನಂಬಬೇಡಿ.

ಘಟಕ ಹಾಕಿಸಿದ್ದು ಒಲೆಯಿಂದ ದೂರದ ಗೋಡೆಗೆ, ಅದರ ಗಾಳಿ ಒಲೆಗೂ ಗರಗಸಕ್ಕೂ ನೇರ ಬಡಿಯದಂತೆ. ಬಡಿದರೆ ಹುಡ್‌ಗೆ ಹೋಗಬೇಕಾದ ಹೊಗೆ ಚದುರುತ್ತದೆ. ನೀರು ತಾನಾಗಿ ಇಳಿದುಹೋಗುವ ಇಳಿಜಾರು ಸಿಗುವ ಗೋಡೆ ಆರಿಸಿದ್ದರಿಂದ ಪಂಪಿನ ಗೊರಗೊರ ತಪ್ಪಿತು. ಪೈಪು ಹೋಗಿರುವ ಜಾಗಕ್ಕೆ ಅಪ್ಪ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾರೆ, ಉಪಕರಣ ನೇತುಹಾಕಲು ಅಲ್ಲಿ ಯಾರೂ ಮೊಳೆ ಹೊಡೆಯಬಾರದು.

ಒಂದು ತೊಡಕು ಉಳಿದೇ ಇದೆ. ಹುಡ್ ಓಡಿದರೆ ತಂಪು ಗಾಳಿಯೂ ಹೊರಗೆ ಹೋಗುತ್ತದೆ, ಅದರ ಬದಲಿಗೆ ಬೇರೆ ಗಾಳಿ ಬರಲು ಬಾಗಿಲನ್ನು ಒಂದು ಗೇಣು ಎತ್ತಬೇಕು. ಅದಕ್ಕೇ ಹುರಿಯುವುದು, ಕೊಯ್ಯುವುದು ಎಲ್ಲ ಬೆಳಿಗ್ಗೆ ಒಂಬತ್ತರೊಳಗೆ, ಎಸಿ ಆಮೇಲೆ.

ಅಪ್ಪ, ಅಮ್ಮ ಅಕ್ಟೋಬರ್‌ನಲ್ಲಿ ಹಾಸನಕ್ಕೆ ಹೊರಟರು. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವ ಕೆಲಸ ಮಗನದು. ಭಾನುವಾರ ವೀಡಿಯೊ ಕರೆಯಲ್ಲಿ ತಾತ ಮೊದಲು ಕೇಳುವುದೇ ಅದನ್ನು. “ತೊಳೆದೆ ತಾತ, ಹೊಟ್ಟು ಕಮ್ಮಿ ಇತ್ತು, ಜಿಡ್ಡು ಜಾಸ್ತಿ” ಅನ್ನುತ್ತಾನೆ. ಹಿಂದಿನಿಂದ ಅಜ್ಜಿಯ ದನಿ: “ನಾನಿಲ್ಲದಾಗ ಅಲ್ಲಿ ಏನು ಕರೀತಿದ್ದೀರೋ?”