ಮರಳಿನ ಮೇಲೆ ಬರೆದ ಪಾಠ

ಚುರುಕಾದ ಹುಡುಗನೊಬ್ಬನನ್ನು ಹಿಂದುಳಿದವನ ಪಕ್ಕದಲ್ಲಿ ಕೂರಿಸಿ, “ಇವನಿಗೆ ಈ ಲೆಕ್ಕವನ್ನು ಸ್ವಲ್ಪ ತಿಳಿಸಿಕೊಡಪ್ಪ” ಎಂದು ಉಪಾಧ್ಯಾಯರು ಹೇಳಿದರೆನ್ನಿ. ಮರುದಿನವೇ ಆ ಹುಡುಗನ ತಂದೆ ಶಾಲೆಯ ಬಾಗಿಲಲ್ಲಿ ನಿಂತಿರುತ್ತಾರೆ. “ನನ್ನ ಮಗ ಇಲ್ಲಿಗೆ ಬರುವುದು ಕಲಿಯುವುದಕ್ಕೆ, ಕಲಿಸುವುದಕ್ಕಲ್ಲ. ಸಂಬಳ ಪಡೆಯುವವರು ತಾವು. ಅವನ ಹೊತ್ತನ್ನೇಕೆ ಹಾಳುಮಾಡುತ್ತೀರಿ?” ಎಂಬುದು ಅವರ ಆಕ್ಷೇಪಣೆ. ಅಧ್ಯಾಪಕ ವೃತ್ತಿಯಲ್ಲಿರುವವರಿಗೆಲ್ಲ ಈ ಮಾತು ಚಿರಪರಿಚಿತ. ಮೇಲುನೋಟಕ್ಕೆ ನ್ಯಾಯವಾಗಿಯೂ ತೋರುತ್ತದೆ. ಆದರೆ ಹೀಗೆ ಹೇಳಿಕೊಟ್ಟವನು ಹೊತ್ತನ್ನು ಕಳೆದುಕೊಂಡನೆ, ಗಳಿಸಿಕೊಂಡನೆ ಎಂಬ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವುಂಟು. ಅದು ತೊಡಗುವುದು ನಮ್ಮ ನೆರೆಯ ಮದರಾಸಿನಲ್ಲಿ.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಅಲ್ಲಿದ್ದವರು ಸೈನಿಕರ ಮಕ್ಕಳು. ಕಲಿಸುವವರಿಗೆ ಉತ್ಸಾಹವಿಲ್ಲ, ಕಲಿಯುವವರಿಗೆ ಅಕ್ಷರ ಹತ್ತುವುದಿಲ್ಲ. ಹೀಗಿರುವಾಗ ಒಂದು ದಿನ, ದೇಶೀಯ ಶಾಲೆಯೊಂದರ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದು ಬೆಲ್‌ನ ಕಣ್ಣಿಗೆ ಬಿತ್ತು. ನಮ್ಮಲ್ಲಿ ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬರೆಸುವುದಿಲ್ಲವೆ, ಹಾಗೆ. ತನ್ನ ಶಾಲೆಯಲ್ಲಿಯೂ ಇದನ್ನೇ ಮಾಡಿರೆಂದು ಆತ ಹೇಳಿದಾಗ ಅಲ್ಲಿನ ಉಪಾಧ್ಯಾಯ ಇದು ಆಗದ ಕೆಲಸವೆಂದುಬಿಟ್ಟ. ಬೆಲ್ ವಾದಕ್ಕೆ ನಿಲ್ಲಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನನ್ನು ಕರೆದು ಆ ತರಗತಿಯನ್ನೇ ಒಪ್ಪಿಸಿದ. ಉಪಾಧ್ಯಾಯನಿಂದಾಗದ್ದು ಹುಡುಗನಿಂದಾಯಿತು!

ಮಕ್ಕಳೇ ಮಕ್ಕಳಿಗೆ ಹೇಳಿಕೊಡುವ ಈ ಕ್ರಮವನ್ನು ಬೆಲ್ ಇಡೀ ಶಾಲೆಗೆ ಹಬ್ಬಿಸಿದ. ಸ್ವದೇಶಕ್ಕೆ ಮರಳಿ 1797ರಲ್ಲಿ ಅದರ ವರದಿಯನ್ನು ಲಂಡನ್ನಿನಲ್ಲಿ ಅಚ್ಚುಹಾಕಿಸಿದ. ಆ ಪದ್ಧತಿಗೆ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. ಬೆಲ್‌ನ ಹುಟ್ಟೂರಾದ ಸೇಂಟ್ ಆಂಡ್ರ್ಯೂಸ್‌ನಲ್ಲಿ ಆತ ಬಿಟ್ಟುಹೋದ ಹಣದಿಂದ ಕಟ್ಟಿದ ಶಾಲೆ ಇಂದಿಗೂ ‘ಮದರಾಸು ಕಾಲೇಜು’ ಎಂದೇ ಕರೆಯಿಸಿಕೊಳ್ಳುತ್ತಿದೆ.

ಬೆಲ್ ಮರಳನ್ನು ಕಂಡು ಕಲಿತನೆಂದೆವು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುವ ಪದ್ಧತಿಯೂ ಈ ನಾಡಿನಲ್ಲಿ ಆಗಲೇ ಬೇರೂರಿತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿ ಸರ್ಕಾರಕ್ಕೆ ವರದಿ ಒಪ್ಪಿಸಿದ. ಒಟ್ಟು 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ವಿದ್ಯಾರ್ಥಿಗಳು 6,641, ಹುಡುಗಿಯರು ಕೇವಲ 60 ಎಂಬುದನ್ನೂ ಮರೆಯುವಂತಿಲ್ಲ. ನಮ್ಮ ಅಜ್ಜಂದಿರು ಕೂಲಿಮಠವೆಂದು ಕರೆಯುತ್ತಿದ್ದುದು ಇಂಥವನ್ನೇ. ಬೆಳಗ್ಗೆ ಮೊದಲು ಬಂದ ಮಗುವಿನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತಿತ್ತು. ಕೊನೆಗೆ ಬಂದವನ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು. ಮುಂದುವರಿದ ಮಕ್ಕಳು ಹಿಂದಿರುವವರಿಗೆ ಪಾಠ ಹೇಳುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದ. ಜೊತೆಗೇ ಮತ್ತೊಂದು ಮಾತನ್ನೂ ಸೇರಿಸಿದ: ಮಕ್ಕಳು ಆಡುಮಾತಿಗೆ ದೂರವಾದ ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಗಳಂತೆ ಒಪ್ಪಿಸುತ್ತಾರೆ.

ಈ ಎರಡನೆಯ ಮಾತನ್ನು ಇಂಗ್ಲೆಂಡು ಕಿವಿಗೆ ಹಾಕಿಕೊಂಡಂತಿಲ್ಲ. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಇಂಥದೇ ಪದ್ಧತಿಯನ್ನು ಹಿಡಿದು, ಒಬ್ಬನೇ ಉಪಾಧ್ಯಾಯ ಸಾವಿರ ಮಕ್ಕಳಿಗೆ ಕಲಿಸಬಲ್ಲನೆಂದು ಸಾರಿದ. ಬಡವರ ಮಕ್ಕಳಿಗೆ ಅಗ್ಗದ ವಿದ್ಯೆ! ಧನಿಕರು, ಧರ್ಮಸಂಸ್ಥೆಗಳು ಮುಗಿಬಿದ್ದರು. ಹಜಾರದ ತುಂಬ ಬೆಂಚುಗಳು, ಸಾಲಿಗೊಬ್ಬ ಹುಡುಗನಾಯಕ, ಕವಾಯಿತಿನಂತೆ ಆಜ್ಞೆಗಳು. ತಪ್ಪು ಮಾಡಿದವನನ್ನು ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ನಾಯಕನಾದ ಹುಡುಗ ಸ್ವಲ್ಪ ಮುಂಚೆ ತಾನು ಉರುಹೊಡೆದುದನ್ನು ಸಾಲಿನವರಿಗೆ ದಾಟಿಸಬೇಕು, ಅಷ್ಟೆ. ಯಾರೂ ಪ್ರಶ್ನೆ ಕೇಳುವಂತಿಲ್ಲ. ಕೇಳಿದರೆ ಉತ್ತರಿಸಲು ಅವನಿಗೂ ತಿಳಿಯದು. 1846ರಿಂದ ಅಲ್ಲಿನ ಸರ್ಕಾರ ಹದಿಮೂರು ತುಂಬಿದ ಹುಡುಗರಿಗೆ ವೇತನ ಕೊಟ್ಟು ವರ್ಷಗಟ್ಟಲೆ ತರಬೇತಿಗೊಳಿಸುವ ಬೇರೊಂದು ಏರ್ಪಾಟನ್ನು ತರಬೇಕಾಯಿತು.

ಎಗ್ಮೋರಿನಲ್ಲಿ ಫಲಿಸಿದ್ದು ಲಂಡನ್ನಿನಲ್ಲಿ ಏಕೆ ಬಾಡಿತು? ಮನಶ್ಶಾಸ್ತ್ರಜ್ಞರ ಇತ್ತೀಚಿನ ಪ್ರಯೋಗಗಳಲ್ಲಿ ಇದಕ್ಕೆ ಸಮಾಧಾನ ದೊರೆಯುತ್ತದೆಂದು ನನ್ನ ಭಾವನೆ. 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇನ್ನೊಬ್ಬರಿಗೆ ಕಲಿಸಬೇಕೆಂದು ಓದಿದವರು, ತಾವೇ ಪರೀಕ್ಷೆ ಬರೆಯಲೆಂದು ಓದಿದವರಿಗಿಂತ ಪಾಠವನ್ನು ಚೆನ್ನಾಗಿ ಗ್ರಹಿಸಿದ್ದರು. ಹೇಳಬೇಕಾದವನು ಪಾಠದ ಎಲುಬುಗೂಡನ್ನು ಹುಡುಕುತ್ತಾನೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುತ್ತಾನೆ. 2018ರಲ್ಲಿ ಸಿಂಗಪುರದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬರೆದುಕೊಂಡದ್ದನ್ನು ನೋಡಿ ಪಾಠ ಹೇಳಿದವರಿಗೆ ಒಂದು ವಾರದ ತರುವಾಯ ಹೇಳಿಕೊಳ್ಳುವಂಥ ಲಾಭವೇನೂ ಉಳಿದಿರಲಿಲ್ಲ. ಏನನ್ನೂ ನೋಡದೆ, ನೆನಪಿನಿಂದಲೇ ಹೇಳಿದವರಿಗೆ ಉಳಿದಿತ್ತು. ಎಂದರೆ ಫಲ ಕೊಡುವುದು ಬಾಯಿ ಆಡಿಸುವುದಲ್ಲ, ಮನಸ್ಸಿನ ಕಣಜದಿಂದ ತಾನೇ ಮೊಗೆದು ತೆಗೆಯುವ ಶ್ರಮ. ಲ್ಯಾಂಕಾಸ್ಟರನ ನಾಯಕರಿಗೆ ಆ ಶ್ರಮಕ್ಕೆ ಎಡೆಯೇ ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಈ ತತ್ತ್ವ ಮತ್ತೆ ಚಿಗುರಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಉಪಾಧ್ಯಾಯರು ಆಂಧ್ರದ ಋಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು ‘ನಲಿ ಕಲಿ’ಯನ್ನು ಆರಂಭಿಸಿದರು. 2009ರ ವೇಳೆಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗದಲ್ಲಿ ‘ಕಲಿಕಾ ಏಣಿ’ಯ ಮೆಟ್ಟಿಲೇರುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯರ ನೆರವು, ಇನ್ನೊಂದಕ್ಕೆ ಜೊತೆಗಾರರ ನೆರವು, ಮತ್ತೊಂದು ಸ್ವಂತ ಬಲದಿಂದ. ಇಂದು ಚಿಕ್ಕವನಿಗೆ ಪದಗಳನ್ನು ಓದಿಸಿದ ಹುಡುಗಿ ನಾಳೆ ತಾನೇ ಇನ್ನೊಬ್ಬರಿಂದ ಕೂಡುವ ಲೆಕ್ಕ ಹೇಳಿಸಿಕೊಳ್ಳುವುದೂ ಉಂಟು. ಎಲ್ಲೆಡೆಯೂ ಇದು ಸರಿಯಾಗಿಯೇ ನಡೆಯುತ್ತಿದೆಯೆಂದು ನಾನು ಹೇಳಲಾರೆ. ಆದರೆ ನಗರದ ಮಧ್ಯಮವರ್ಗದವರು ದುಬಾರಿ ಶುಲ್ಕ ತೆತ್ತು ಸೇರಿಸುವ ಎಷ್ಟೋ ಶಾಲೆಗಳಲ್ಲಿ ಈ ಅವಕಾಶ ಇಷ್ಟೂ ಇಲ್ಲವೆಂಬುದು ವಿಚಿತ್ರವಾದರೂ ನಿಜ.

ಆರಂಭದಲ್ಲಿ ಹೇಳಿದ ತಂದೆಯವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಉಪಾಧ್ಯಾಯರು ಮೈಗಳ್ಳತನದಿಂದ ಒಬ್ಬನನ್ನೇ ದಿನದಿನವೂ ಆ ಕೆಲಸಕ್ಕೆ ಹಚ್ಚಿದರೆ ಅದು ಲ್ಯಾಂಕಾಸ್ಟರನ ದಾರಿಯೇ. ಹುಡುಗ ತಪ್ಪು ಹೇಳಿಕೊಟ್ಟಾಗ ತಿದ್ದಲು ದೊಡ್ಡವರು ಹತ್ತಿರವಿರಬೇಕು. ಸರದಿ ಎಲ್ಲರಿಗೂ ಬರಬೇಕು, ಹಿಂದುಳಿದವನಿಗೆ ಮೊದಲು ಬರಬೇಕು.

ಹಿಂದೆ ತುಂಬಿದ ಮನೆಗಳಲ್ಲಿ ಅಕ್ಕ ತಮ್ಮನಿಗೆ ಮಗ್ಗಿ ಹೇಳಿಸುತ್ತಿದ್ದಳು. ಈಗ ಒಂದೋ ಎರಡೋ ಮಕ್ಕಳು. ಕಲಿಸುವುದಾದರೂ ಯಾರಿಗೆ ಎನ್ನಬಹುದು. ಶಿಷ್ಯರು ಮನೆಯಲ್ಲಿಯೇ ಇದ್ದಾರೆ. ಗ್ರಹಣದ ಪಾಠವನ್ನು ಮೂರು ಸಲ ಓದಿ ಮುಗಿಸಿದೆನೆಂದು ಮಗ ಬಂದಾಗ ಪುಸ್ತಕವನ್ನು ಮುಚ್ಚಿಸಿ, ಅಜ್ಜಿಗೆ ಅದನ್ನು ಹೇಳುವಂತೆ ಕಳುಹಿಸಿ ನೋಡಿ. ಹುಣ್ಣಿಮೆಯಂದು ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆಂದು ಅವನು ಗಂಭೀರವಾಗಿ ವಿವರಿಸುತ್ತಾನೆ. ಅಜ್ಜಿ ಬತ್ತಿ ಹೊಸೆಯುತ್ತಲೇ, “ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಏಕಾಗುವುದಿಲ್ಲ, ಮಗು?” ಎಂದು ಕೇಳುತ್ತಾರೆ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿಯಷ್ಟು ಓರೆಯಾಗಿದೆಯೆಂಬ ಆ ಒಂದು ವಾಕ್ಯಕ್ಕಾಗಿ ಹುಡುಗ ಈಗ ತಾನಾಗಿಯೇ ಪುಸ್ತಕವನ್ನು ತೆರೆಯುತ್ತಾನೆ.