ಆಪರೇಷನ್‌ಗೆ ಮೊದಲು ರೋಗಿ ಏನು ತಿನ್ನುತ್ತಿದ್ದಾರೆ?

ಮನೆಯಲ್ಲೊಬ್ಬರಿಗೆ ಜಠರದ ಕ್ಯಾನ್ಸರ್ ಇದೆ. ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ತೋರಿಸಿದ್ದೀರಿ, ಆಪರೇಷನ್ ಆಗಬೇಕೆಂದಿದ್ದಾರೆ. ಮೊದಲು ಕೀಮೋ ಕೊಡುವುದಾದರೆ ಎರಡು-ಮೂರು ತಿಂಗಳು ಕಾಯಬೇಕು. ಸಿದ್ದಾಪುರದ ಮನ್ಮನೆಯಂಥ ಊರಿಗೆ ಮರಳಿದ ಮೇಲೆ, ಆ ದಿನದವರೆಗೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದುಕೊಳ್ಳುತ್ತೇವೆ. ಆದರೆ ರೋಗಿಯ ಊಟ ನಿಮ್ಮ ಕೈಯಲ್ಲೇ ಇದೆ.

ಈ ರೋಗದಲ್ಲಿ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ತೂಕ ಇಳಿಯುತ್ತದೆ, ಸ್ನಾಯು ಕರಗುತ್ತದೆ. ಸೊರಗಿದ ದೇಹಕ್ಕೆ ಆಪರೇಷನ್ ಆದರೆ ಹೊಲಿಗೆ ಬೇಗ ಕೂಡುವುದಿಲ್ಲ, ಸೋಂಕು ಬೇಗ ತಗಲುತ್ತದೆ. ಆರು ತಿಂಗಳಲ್ಲಿ 60 ಕಿಲೋ ಇದ್ದವರು 54ಕ್ಕೆ ಇಳಿದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಪೌಷ್ಟಿಕಾಂಶ ಕೊಡಲೆಂದೇ ಅವರು ಆಪರೇಷನ್ ಒಂದೆರಡು ವಾರ ಮುಂದೂಡಬಹುದು, ಗಾಬರಿ ಬೇಡ.

ನೋಡಲು ಬಂದವರು "ಮಾಂಸ ಬೇಡ, ಹಾಲು ಬೇಡ, ಸಕ್ಕರೆ ಕ್ಯಾನ್ಸರಿಗೆ ಆಹಾರ" ಎನ್ನುತ್ತಾರೆ. ಹೇಳಿದವರು ಚಹಾ ಕುಡಿದು ಹೋಗುತ್ತಾರೆ, ರೋಗಿಗೆ ಉಳಿಯುವುದು ತೆಳಿಗಂಜಿ. (ಸಕ್ಕರೆ ಕಾಯಿಲೆಯೂ ಇದ್ದರೆ ಮಾತ್ರ ವೈದ್ಯರನ್ನು ಕೇಳಿ.) 60 ಕಿಲೋ ತೂಕದವರಿಗೆ ದಿನಕ್ಕೆ 70ರಿಂದ 90 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಗಂಜಿಯಿಂದ ಇದು ತುಂಬುವುದಿಲ್ಲ. ಶೋರ್ಬಾದ ಬಗ್ಗೆಯೂ ತಪ್ಪು ನಂಬಿಕೆಯಿದೆ: ಸತ್ವವಿರುವುದು ತಿಳಿನೀರಿನಲ್ಲಲ್ಲ, ಮಾಂಸದಲ್ಲಿ. ಕೋಳಿಯನ್ನು ಮೆತ್ತಗೆ ಬೇಯಿಸಿ, ಅರೆದು, ಅದರಲ್ಲೇ ಸೇರಿಸಿ. ಮುಳ್ಳು ತೆಗೆದ ಮೀನು, ಮೊಸರು, ಹೆಸರುಬೇಳೆ ಎಲ್ಲ ಆಗುತ್ತವೆ. ಗಂಜಿಯನ್ನೇ ಕೇಳಿದರೆ ಮೊಟ್ಟೆ ಕದಡಿ ಬೇಯಿಸಿ, ಒಂದು ಚಮಚ ತುಪ್ಪ ಹಾಕಿ. ಮೂರು ಹೊತ್ತಿನ ಊಟವನ್ನು ಆರೇಳು ಸಲ ಹಂಚಿ ಕೊಡಿ. ಊಟದ ಜೊತೆ ಹೆಚ್ಚು ನೀರು ಬೇಡ, ಅದರಿಂದಲೇ ಹೊಟ್ಟೆ ತುಂಬಿಬಿಡುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ.

ನಿನ್ನೆ ತಿಂದದ್ದು ಇಂದು ವಾಂತಿಯಾದರೆ, ನೀರೂ ಇಳಿಯದಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಜಠರದ ಬಾಯಿ ಕಟ್ಟಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ. ನಳಿಕೆ ಎಂದರೆ ಕೊನೆಗಾಲವೆಂದು ತಿಳಿದು ಬೇಡವೆನ್ನುವವರಿದ್ದಾರೆ. ಅದು ಆಪರೇಷನ್‌ಗೆ ಸಿದ್ಧತೆ.

ರಮಝಾನ್ ನಡುವೆ ಬಂದರೆ ಹಿರಿಯರು ಉಪವಾಸ ಬಿಡಲು ಒಪ್ಪುವುದಿಲ್ಲ. ರೋಗಿಗೆ ವಿನಾಯಿತಿ ಕುರ್‌ಆನ್‌ನಲ್ಲೇ ಇದೆ (ಅಲ್‌ಬಕರ 184, 185). ಮನೆಯವರ ಮಾತು ಕೇಳದಿದ್ದರೆ ಮಸೀದಿಯ ಇಮಾಮರಿಂದ ಹೇಳಿಸಿ.

ಆಪರೇಷನ್‌ಗೆ ಎಷ್ಟು ಗಂಟೆ ಮೊದಲು ಊಟ, ನೀರು ನಿಲ್ಲಿಸಬೇಕೆಂದು ಆಸ್ಪತ್ರೆಯವರೇ ಹೇಳುತ್ತಾರೆ. ನೀವಾಗಿಯೇ ಹಿಂದಿನ ದಿನದಿಂದ ಹಸಿದಿರಿಸಬೇಡಿ.